ಕೈಗೆ ಕೊಟ್ಟ ಉಪ್ಪು

ಮೊನ್ನೆ ಬೆಳಿಗ್ಗೆ, ಪಕ್ಕದ ಮನೆಗೆ ಹೊಸದಾಗಿ ಬಂದಿರುವ ಬಾಗಲಕೋಟೆಯ ಹುಡುಗಿ ಕಲ್ಲುಪ್ಪು ಕೇಳಿಕೊಂಡು ಬಂದಳು. ಬಟ್ಟಲನ್ನು ಅವಳ ಕೈಗೆ ಕೊಡದೆ ಕಾಂಪೌಂಡಿನ ಮೇಲಿಟ್ಟೆ. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ಅಮ್ಮ ಕಲಿಸಿದ್ದಳು. ಹುಡುಗಿಯೂ ಅಲ್ಲಿಂದಲೇ ಎತ್ತಿಕೊಂಡು ಹೋದಳು. ಬೆರಳಿಗಂಟಿದ ಹರಳುಗಳನ್ನು ನೋಡುತ್ತಾ ನಿಂತವಳಿಗೆ ಕೆಮಿಸ್ಟ್ರಿ ಮಿಸ್ ನೆನಪಾದರು...

ಎರಡು ಸಾವಿರದ ದಶಕದ ಆರಂಭದ ವರ್ಷಗಳು. ಆಗ ನಾವು ಬಸವೇಶ್ವರನಗರದಲ್ಲಿದ್ದೆವು, ನಾನು ಸೆಕೆಂಡ್ ಪಿಯುಸಿ. ಹಿಂದಿನ ರಸ್ತೆಯಲ್ಲಿ ಒಬ್ಬರೇ ಇದ್ದ ಮಿಸ್, ಸಂಜೆ ಹಾಲ್‌ನಲ್ಲಿ ಚಾಪೆ ಹಾಸಿ ಟ್ಯೂಷನ್ ಹೇಳುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಮೊರ ಮುಂದಿಟ್ಟುಕೊಂಡು ಸುಲಿಯುತ್ತಲೇ ಪಾಠ. ನಮ್ಮ ಮಡಿಲಿಗೂ ಒಂದಿಷ್ಟು ಕಾಯಿ. ಉತ್ತರ ತಪ್ಪಿದರೆ ಸಿಪ್ಪೆ ತಲೆಗೆ ಬಂದು ಬೀಳುತ್ತಿತ್ತು. ನನಗೆ ಅವರೆಂದರೆ ಪ್ರಾಣ, ಅವರ ಸಬ್ಜೆಕ್ಟ್ ಎಂದರೆ ಪ್ರಾಣಸಂಕಟ.

ಆ ಅವರೆಕಾಯಿ ಕಾಲದಲ್ಲೇ ಅಮ್ಮ ಆಸ್ಪತ್ರೆ ಸೇರಿದಳು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ತಾಯಿಯೇ, ಬಿ.ಪಿ. ಇದೆ ಎಂದು ಯಾರದೋ ಮಾತು ಕೇಳಿ, ಉಪ್ಪು ಬಿಟ್ಟು ಕೂತಿದ್ದಳು. ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದರೆ ನನ್ನನ್ನೇ ದಿಟ್ಟಿಸಿ, “ಯಾರಮ್ಮಾ ನೀನು? ಯಾರ ಮನೆ ಹುಡುಗಿ?” ಅಂದಳು. ಲೋಟ ಅಲ್ಲೇ ಇಟ್ಟು ಅಪ್ಪನನ್ನು ಕೂಗಿದೆ. ರಕ್ತದಲ್ಲಿ ಸೋಡಿಯಂ ಇಳಿದುಹೋಗಿದೆ, ಡ್ರಿಪ್‌ನಲ್ಲಿ ನಿಧಾನವಾಗಿ ಏರಿಸುತ್ತೇವೆ, ಕಾದು ನೋಡಬೇಕು ಎಂದರು ಡಾಕ್ಟರು.

ಅಪ್ಪ ಸಮಾಧಾನಪಟ್ಟುಕೊಂಡರು. ನನಗೆ ಮಾತ್ರ ಭಯ ಹೆಚ್ಚಿತು. ಕಾಲೇಜಿನ ಲ್ಯಾಬಿನಲ್ಲಿ ನಾನು ಸೋಡಿಯಂ ನೋಡಿದ್ದೆನಲ್ಲ! ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟ ಲೋಹದ ತುಂಡು. ಕಾಳಿನಷ್ಟು ಕತ್ತರಿಸಿ ನೀರಿಗೆ ಹಾಕಿದರೆ ಚಟಚಟ ಎಂದು ಓಡಾಡಿ ಹೊತ್ತಿಕೊಂಡಿತ್ತು. ಅದನ್ನು ಅಮ್ಮನ ನರಕ್ಕೆ ಬಿಡುತ್ತಾರೆಯೇ?

ಸಂಜೆ ಮಿಸ್ ನಮಗಾಗಿ ಗಂಜಿ ತಂದರು. ಕಾರಿಡಾರಿನಲ್ಲಿ ಅಳುತ್ತಾ ಕೇಳಿಯೇಬಿಟ್ಟೆ. ನಗುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ಗಂಜಿಯ ಜೊತೆಗೆ ತಂದಿದ್ದ ಉಪ್ಪಿನ ಪೊಟ್ಟಣ ಬಿಚ್ಚಿ, “ಕೈ ಚಾಚು” ಅಂದರು.

“ಜಗಳ ಆಗುತ್ತೆ ಮಿಸ್...”

“ಆದ್ರೆ ಆಗ್ಲಿ ಕಣೇ, ಚಾಚು.” ಒಂದಿಷ್ಟು ಹರಳು ಅಂಗೈಗೆ ಬಿದ್ದವು. “ಇದ್ರಲ್ಲೂ ಸೋಡಿಯಂ ಇದೆ. ಕೈ ಸುಡ್ತಾ?”

ಆಮೇಲೆ ಅಲ್ಲೇ ಬೆಂಚಿನ ಮೇಲೆ ಪಾಠ. ಸೋಡಿಯಂ ಪರಮಾಣುವಿನಲ್ಲಿ ಹನ್ನೊಂದು ಪ್ರೋಟಾನು, ಹನ್ನೊಂದು ಎಲೆಕ್ಟ್ರಾನು, ಲೆಕ್ಕ ಸಮ. ಆದರೆ ಹೊರಗಿನ ಸುತ್ತಿನಲ್ಲಿ ಒಂಟಿ ಎಲೆಕ್ಟ್ರಾನು ಒಂದಿದೆ, ರಂಪವೆಲ್ಲ ಅದರದ್ದೇ. ನೀರು ಸಿಕ್ಕಲಿ, ಕ್ಲೋರಿನ್ ಸಿಕ್ಕಲಿ, ಅದನ್ನು ದಾಟಿಸಿಬಿಡುತ್ತದೆ. ದಾಟಿಸಿದ ಮೇಲೆ ಎಲೆಕ್ಟ್ರಾನಿಗಿಂತ ಪ್ರೋಟಾನು ಒಂದು ಹೆಚ್ಚಾಗಿ ಸೋಡಿಯಂ ಧನ ಅಯಾನು ಆಗುತ್ತದೆ. ಪಡೆದುಕೊಂಡ ಕ್ಲೋರಿನ್ ಋಣ ಅಯಾನು. ಎರಡೂ ಒಂದನ್ನೊಂದು ಹಿಡಿದು ಕೂತರೆ ಉಪ್ಪು. ನೀರಿಗೆ ಹಾಕಿದರೆ ಬಿಡಿಬಿಡಿಯಾಗಿ ತೇಲುತ್ತವೆ, ಅಷ್ಟೇ.

“ಡ್ರಿಪ್ ಬಾಟಲಿಯಲ್ಲಿರೋದು ಕೊಟ್ಟು ಮುಗಿಸಿರೋ ಸೋಡಿಯಂ. ರಂಪ ಮಾಡೋಕೆ ಅದರ ಹತ್ರ ಏನೂ ಉಳಿದಿಲ್ಲ. ನಿಮ್ಮಮ್ಮನಿಗೆ ಬೇಕಾಗಿರೋದು ಅದೇ.”

“ಮನುಷ್ಯರೂ ಹಾಗೇ ಅಲ್ವಾ ಮಿಸ್...” ಎಂದು ಶುರುಮಾಡಿದೆ.

“ಮನುಷ್ಯರ ವಿಷ್ಯ ಎಕ್ಸಾಮಿಗೆ ಬರಲ್ಲ” ಎಂದು ತಲೆಗೊಂದು ಮೊಟಕಿದರು. ಆಮೇಲೆ ಕತ್ತಲಾಗುವವರೆಗೂ ನನ್ನ ಪಕ್ಕದಲ್ಲೇ ಕೂತಿದ್ದರು.

ಕೆಲವು ದಿನ ಕಳೆದು ಅಮ್ಮ ನನ್ನ ಹೆಸರು ಹಿಡಿದು ಕರೆದಳು. “ಏನೇ ಇದು ಅವತಾರ, ಜಡೆ ಹಾಕ್ಕೊಳ್ಳೋಕೆ ಏನು ರೋಗ?” ಬೈಗುಳ ಅಷ್ಟು ಹಿತವಾಗಿ ಕೇಳಿದ್ದು ಅದೇ ಮೊದಲು.

ಮುಂದೆ ನಾವು ಕೆಂಗೇರಿಗೆ ಮನೆ ಬದಲಾಯಿಸಿದೆವು. ಮೊದಮೊದಲು ಫೋನು, ಆಮೇಲೆ ಹಬ್ಬಕ್ಕೊಂದು ಮೆಸೇಜು, ಆಮೇಲೆ... ಹೋದ ವರ್ಷ ಟ್ಯೂಷನ್ ಗೆಳತಿಯೊಬ್ಬಳು ಸಿಕ್ಕಾಗ, ಮಿಸ್ ತೀರಿಕೊಂಡು ಬಹಳ ಕಾಲವಾಯಿತು ಎಂದಳು. ನನಗೆ ಗೊತ್ತೇ ಇರಲಿಲ್ಲ.

ಉಪ್ಪನ್ನು ಕೈಗೇ ಕೊಟ್ಟರೂ ನಮ್ಮಿಬ್ಬರ ನಡುವೆ ಜಗಳ ಆಗಲೇ ಇಲ್ಲ. ಆಗಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ರಾಜಿಗಾದರೂ ಒಂದು ಸಲ ಅವರ ಮನೆ ಬಾಗಿಲಿಗೆ ಹೋಗಿರುತ್ತಿದ್ದೆ.