ಜರಡಿಯ ಕೆಳಗಿನ ಬಳೆಗಳು

ಕಂಕಣ ಗ್ರಹಣ ಪೂರ್ತಿ ಕಾಣುವುದು ಕಾಸರಗೋಡಿನಲ್ಲಿ ಎಂದು ಸಿದ್ದಾಪುರದಿಂದ ಕಾರು ಹೊರಡಿಸಿದವಳು ನಾನೇ. ಬಿ.ಎಸ್ಸಿ. ಓದಿದ್ದು ಮತ್ತೆ ಯಾವುದಕ್ಕೆ? ಜೊತೆಗೆ ಬಂದ ಅತ್ತೆ ಮಾತ್ರ ಕಾರಿನಿಂದ ಇಳಿಯಲೊಲ್ಲರು.

"ಗ್ರಹಣ ಹಿಡಿದ ಸೂರ್ಯನ್ನ ನೋಡ್ಲಾಗ."

ಅವರಿಗೆ ತೋರಿಸದೆ ವಾಪಸಾಗುವ ಮನಸ್ಸು ನನಗಿರಲಿಲ್ಲ. "ನೆರಳು ನೋಡ್ಲಕ್ಕಲ?" ಎಂದು, ಮನೆಯಿಂದ ತಂದಿದ್ದ ಜರಡಿಯನ್ನು ಕೈಗಿತ್ತೆ.

ಅತ್ತೆ ಇಳಿದು, ಸೂರ್ಯನಿಗೆ ಬೆನ್ನು ಹಾಕಿ ಅದನ್ನೆತ್ತಿ ಹಿಡಿದರು. ಒಂದೊಂದು ತೂತಿನಿಂದಲೂ ನೆಲದ ಮೇಲೆ ಒಂದೊಂದು ಬೆಳಕಿನ ಬಳೆ! ಅಲ್ಲಿಯ ಜನ ಮುತ್ತಿಕೊಂಡರು.

"ಅಜ್ಜಿ, ಸ್ವಲ್ಪ ಇತ್ತ ಹಿಡೀರಿ ಮಾರಾಯ್ರೆ!"

"ದೂಡಡ್ರೋ, ಎಲ್ಲರಿಗೂ ತೋರಿಸ್ತೆ!"

ಆ ಬಳೆಗಳು ಕರಗುವವರೆಗೂ ಅತ್ತೆ ಕೈ ಇಳಿಸಲಿಲ್ಲ. ಅಂದು ನನಗೆ ನನ್ನ ಓದಿಗಿಂತ ಅವರ ಮೇಲೇ ಹೆಮ್ಮೆ.

ಊರಿಗೆ ಬಂದಮೇಲೆ ಪಕ್ಕದ ಮನೆಯಾಕೆ, "ಗ್ರಹಣ ನೀವೂ ನೋಡಿದ್ರಾ?" ಎಂದು ಹುಬ್ಬೇರಿಸಿದಳು.

"ಆನು ನೋಡಿದ್ನಿಲ್ಲೆ ತಂಗಿ," ಎಂದರು ಅತ್ತೆ. "ತೋರ್ಸಿದ್ದು, ಅಷ್ಟೇಯ."