ಮಾಳಿಗೆಯ ಬಿಸಿಲಿಗಿಟ್ಟ ಬಟ್ಟಲುಗಳು

ಶೈಲಾ, ನಿನ್ನ ಬಣ್ಣ ಕೆಟ್ಟಿರಲಿಲ್ಲ. ಆ ಅಂಟಿನ ಬಟ್ಟಲುಗಳನ್ನು ಬಿಸಿಲಿಗಿಟ್ಟವಳು ನಾನು, ನಿನ್ನ ಅಜ್ಜಿ. ನೀನು ಕೇಳಿದಾಗ ಸುಳ್ಳು ಹೇಳಿದವಳೂ ನಾನೇ.

ಆ ಬೇಸಿಗೆಯಲ್ಲಿ ನೀನು ಕಾಲೇಜಿನ ಕೆಲಸ ಹೊತ್ತುಕೊಂಡೇ ಕೂಡ್ಲಿಗಿಗೆ ಬಂದಿದ್ದೆ. ಜೋಳದ ಚೀಲಗಳ ಕತ್ತಲೆ ಕೋಣೆಯಲ್ಲಿ ನೀಲಿ ದೀಪ ಹಿಡಿದು ನನಗೆ ತೋರಿಸಿದೆ. ಅಂಟು ಮೆತ್ತಗಿದ್ದರೆ ಅದರೊಳಗೆ ಬೆರೆಸಿದ ಬಣ್ಣ ಮಂಕಾಗಿ ಹೊಳೆಯುತ್ತದೆ, ಗಟ್ಟಿಯಾದಂತೆಲ್ಲ ಹೊಳಪು ಏರುತ್ತದೆ, ಮುಟ್ಟದೆಯೇ ತಿಳಿಯಬಹುದು — ಹಾಗೆಂದೆ. ನಾನು ನಾಲ್ಕನೇ ತರಗತಿಯನ್ನೂ ಮುಗಿಸಿದವಳಲ್ಲ. ಆದರೂ ತಿಳಿಯಿತು! ನನ್ನ ಮೊಮ್ಮಗಳು ನನಗೂ ತಿಳಿಯುವ ಹಾಗೆ ಹೇಳಿದಳಲ್ಲ — ಆ ಹಿಗ್ಗನ್ನು ಒಳಗೆ ಹಿಡಿದಿಡಲಾಗಲಿಲ್ಲ.

"ನಿಧಾನಕ ಗಟ್ಟಿ ಆಗ್ತಾವಜ್ಜಿ, ನಾಳಿತನಕ ಕಾಯಬೇಕು" ಎಂದು ಹೇಳಿ ನೀನು ಗೆಳತಿಯನ್ನು ನೋಡಲು ಕೊಟ್ಟೂರಿಗೆ ಹೋದೆ. ಕಾಯುವುದೇಕೆ, ಮಾಳಿಗೆಯ ಮೇಲೆ ನನ್ನ ಸಂಡಿಗೆ ಒಣಗುತ್ತಿಲ್ಲವೇ? ಬಟ್ಟಲುಗಳನ್ನೂ ಪಕ್ಕದಲ್ಲೇ ಇಟ್ಟೆ. ನೆರೆಮನೆಯ ಗಂಗಮ್ಮ ನೋಡಲಿ ಎಂಬ ಆಸೆಯೂ ಇತ್ತು.

"ಬೆಲ್ಲದ ಪಾಕ ಕಲ್ಯಾಕ ಅಷ್ಟು ದೂರ ಹೋಗ್ಯಾಳೇನಬೇ ನಿನ್ನ ಮೊಮ್ಮಗಳು?" ಎಂದು ಅವಳು ನಕ್ಕಳು.

"ನಗು ನಗು. ದೀಪ ಹಿಡಿದ್ರ ನಿನ್ನ ಮೂಗುತಿಗಿಂತ ಹೊಳಿತೈತಿ ಇದು!"

ನೀನು ಬರುವಷ್ಟರಲ್ಲಿ ಎಲ್ಲವನ್ನೂ ಒಳಗಿಟ್ಟಿದ್ದೆ. ದೀಪ ಹಿಡಿದೆ ನೀನು — ಬಿಸಿಲ ಕಾವಿಗೆ ಅಂಟು ಬೇಗ ಗಟ್ಟಿಯಾಗಿ ಹೊಳಪು ಆಗಲೇ ಏರಿಬಿಟ್ಟಿತ್ತು. ನಿನ್ನ ಮುಖ ಬಿಳುಚಿತು.

"ಅಜ್ಜಿ, ಇವನ್ನ ಯಾರರ ಮುಟ್ಟಿದ್ರೇನು?"

"ಯಾರು ಮುಟ್ತಾರವ್ವ? ನಾ ಬಾಗಿಲ ಬಿಟ್ಟು ಸರಿದಿಲ್ಲ."

ನೀನು ನಂಬಿದೆ. ನಾಳೆ ಏರಬೇಕಾದ ಹೊಳಪು ಇಂದೇ ಏರಿದ್ದಕ್ಕೆ ತಪ್ಪು ಬಣ್ಣದ್ದೇ ಎಂದುಕೊಂಡು, ಕಾಲೇಜಿಗೆ ಮರಳಿ ಬೇರೆ ಬಣ್ಣ ಹಿಡಿದು, ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಫೋನಿನಲ್ಲಿ ನಿನ್ನ ದನಿ ಸೋತಿರುತ್ತಿತ್ತು. ನಾನು — ಉಂಡೆಯಾ ಎಂದಷ್ಟೇ ಕೇಳುತ್ತಿದ್ದೆ.

ಈಗ ನೀನು ಆ ಅಂಟು-ಬಣ್ಣದ ಓದಿನಲ್ಲೇ ಡಾಕ್ಟರು. ಓಣಿಗೆಲ್ಲ ಪೇಡೆ ಹಂಚಿದರೂ ನನ್ನ ಸಂತೋಷ ತೀರಿಲ್ಲ. ಆದರೆ ನಿನ್ನೆ ನೀನು ಫೋನಿನಲ್ಲಿ ಅಂದೆಯಲ್ಲ, ಆ ಮೊದಲಿನ ಬಣ್ಣವನ್ನು ಯಾರೂ ನಂಬಬೇಡಿ ಎಂದು ಪುಸ್ತಕದಲ್ಲಿ ಬರೆದಿದ್ದೀಯೆಂದು, ನಾಡಿದ್ದು ಅಚ್ಚಿಗೆ ಹೋಗುತ್ತದೆಂದು — ಅದಕ್ಕೇ ಇವತ್ತು ಇದನ್ನೆಲ್ಲ ಹೇಳುತ್ತಿದ್ದೇನೆ. ನನ್ನ ಸುಳ್ಳು ನಿನ್ನ ಹೆಸರಿನಲ್ಲಿ ಅಚ್ಚಾಗುವುದೆಂದರೆ...

ಬಿಸಿಲಿಗಿಟ್ಟದ್ದು ಪ್ರೀತಿಯಿಂದ. ಸುಳ್ಳು ಹೇಳಿದ್ದು ಹಾಗಲ್ಲ. ನಿನ್ನ ಕಣ್ಣಲ್ಲಿ ಸಣ್ಣವಳಾದೇನೆಂದು. ನಿನ್ನ ಗುರುಗಳು ಕೇಳಿದರೆ ನನ್ನ ಹೆಸರೇ ಹೇಳು. ಆ ಪುಟ ಮಾತ್ರ ಕಳಿಸಬೇಡವ್ವ. ಆಮೇಲೆ ಎಷ್ಟು ಬೈಯುತ್ತೀಯೋ ಬೈಯಿ, ಕೇಳಿಸಿಕೊಳ್ಳುತ್ತೇನೆ.