ಯಜಮಾನರ ಜಾಗಕ್ಕೆ ಬಂದವಳು

ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ರೇಸಿಂಗ್ ತಂಡಕ್ಕೆ ಯಜಮಾನರೆಂದರೆ ಮದರಾಸಿನ ಕ್ರೋಂಪೇಟೆಯ ಗ್ಯಾರೇಜಿನ ಮಾಲೀಕರು. ಇಂಜಿನ್ ಬಿಚ್ಚಿ ಜೋಡಿಸುವವರೂ ಅವರೇ, ಡ್ರೈವರ್ ತಪ್ಪು ಮಾಡಿದರೆ ಎಲ್ಲರೆದುರು ಬೈಯುವವರೂ ಅವರೇ. ಅಪ್ಪನ ಹೋಟೆಲು ಬಿಟ್ಟು ಗ್ರೀಸಿಗೆ ಕೈಹಾಕಿದ ನಾನು ಅವರ ಬಲಗೈ. ಬೆನ್ನುನೋವಿನಿಂದ ಅವರು ಟ್ರ್ಯಾಕಿಗೆ ಬರುವುದು ನಿಂತಾಗ, ಮುಂದಿನ ಯಜಮಾನ ನಾನೇ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ.

ಅಷ್ಟರಲ್ಲಿ ಪ್ರಾಯೋಜಕರು ಬಂದರು. ಕಾರಿನ ಮೇಲೆ ಅವರ ಹೆಸರು, ತಂಡಕ್ಕೆ ಅವರದೇ ಮ್ಯಾನೇಜರ್. ಪೆರುಂಗುಡಿಯ ಆಫೀಸಿನಿಂದ ಬಂದಾಕೆ, ತಲೆಮಾರುಗಳಿಂದ ಮದರಾಸಿನಲ್ಲೇ ನೆಲೆಸಿದ ಕನ್ನಡದ ಮನೆಯವಳು, ನನಗಿಂತ ತುಂಬ ಚಿಕ್ಕವಳು. ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ಲ್ಯಾಪ್‌ಟಾಪು, ಫೋನು, ಮೀಟಿಂಗು. ಪತ್ರಿಕೆಯವರು ಫೋಟೋ ತೆಗೆಯುತ್ತಿದ್ದುದೂ ಆಕೆಯದೇ.

“ಅವಳಿಗೆ ಎಂತ ಗೊತ್ತುಂಟು?” ಎಂದು ಹೆಂಡತಿಯೆದುರು ಹಲುಬಿದೆ.

“ಏನೂ ಗೊತ್ತಿಲ್ಲದಿದ್ರೆ ನಿಮಗೆ ಇಷ್ಟು ಉರಿ ಯಾಕೆ ಮಾರಾಯ್ರೆ?”

ಒಂದು ಶನಿವಾರ ಅಭ್ಯಾಸದ ಹೊತ್ತಿನಲ್ಲಿ ನಮ್ಮ ಡ್ರೈವರ್ ಕಾರನ್ನು ಗೋಡೆಗೆ ಗುದ್ದಿದ. ನಾನೇ ಕರೆತಂದು ಪಳಗಿಸಿದವನು. ಹೇಗಿದ್ದೀಯೆಂದು ಕೇಳಿದರೆ, “ಏನೂ ಆಗಿಲ್ಲ ಅಣ್ಣೆ” ಎಂದ. ಕಾರನ್ನು ಸರಿಮಾಡಿದೆವು. ಮರುದಿನ ರೇಸಿಗೆ ಮುಂಚೆ ಆಕೆ ಅವನ ಪಕ್ಕ ಟೈರುಗಳ ಮೇಲೆ ಕೂತು ಮೆಲ್ಲಗೆ ಏನೋ ವಿಚಾರಿಸುತ್ತಿದ್ದಳು. ಆಮೇಲೆ ನೇರ ನನ್ನ ಬಳಿ ಬಂದಳು.

“ಸಾರ್, ಅವನಿಗೆ ಎಲ್ಲಾ ಎರಡೆರಡಾಗಿ ಕಾಣ್ತಿದೆಯಂತೆ. ವಂಡಿ ಟ್ರ್ಯಾಕಿಗೆ ಇಳಿಸೋದು ಬೇಡ. ಅವ್ಳೋದಾನ್, ಅಷ್ಟೇ.”

“ಸ್ಪಾನ್ಸರ್‌ನವರಿಗೆ ಎಂತ ಹೇಳುದು?”

“ನಾನು ಮಾತಾಡ್ಕೋತೀನಿ.”

ಪ್ರಾಯೋಜಕರ ಅತಿಥಿಗಳೆಲ್ಲ ಬಂದು ಕೂತಿದ್ದರು. ಅವರ ದೊಡ್ಡ ಅಧಿಕಾರಿ ಕೂಗಾಡಿದರೂ ಆಕೆ ಜಗ್ಗಲಿಲ್ಲ. ಡ್ರೈವರನ್ನು ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದಳು. ಅವನ ತಲೆಯೊಳಗೆ ರಕ್ತಸ್ರಾವ ಶುರುವಾಗಿತ್ತು. ಬದುಕಿಕೊಂಡ; ತಿಂಗಳುಗಟ್ಟಲೆ ವಿಶ್ರಾಂತಿಯ ನಂತರ ಮತ್ತೆ ಸ್ಟೀರಿಂಗ್ ಹಿಡಿದ.

ನನಗೆ ಸಂತೋಷವಾಗಲಿಲ್ಲವೆಂದಲ್ಲ. ಆದರೆ ನನಗೆ ಹೇಳದ್ದನ್ನು ಅವಳಿಗೆ ಹೇಳಿದನಲ್ಲ ಎಂಬುದು ಎದೆಯಲ್ಲಿ ಚುಚ್ಚುತ್ತಲೇ ಇತ್ತು. ನಮ್ಮ ಹಳೆಯ ಯಜಮಾನರ ಕಾಲದಲ್ಲಿ ನೋವು ಎಂದವನಿಗೆ ಬೈಗುಳವೇ ಔಷಧಿ. ನಾನು ಅವರಿಂದ ಇಂಜಿನ್ನಿನ ಜೊತೆಗೆ ಅದನ್ನೂ ಕಲಿತಿದ್ದೆ. ಅವನಿಗದು ಗೊತ್ತಿತ್ತು.

ಕೆಲವು ವರ್ಷಗಳ ಬಳಿಕ ಆಕೆ ಕೊಯಮತ್ತೂರಿನ ದೊಡ್ಡ ತಂಡವೊಂದಕ್ಕೆ ಹೋದಳು. ನಾನು ಯಜಮಾನನಾದೆ. ಅದೇ ವಾರ ಡ್ರೈವರ್ ಬಂದು ನನ್ನ ಕಾಲು ಮುಟ್ಟಿದ.

“ಮೇಡಂ ಕರೆದಿದ್ದಾರೆ ಅಣ್ಣೆ.”

ಹೋಗಿ ಬಾ ಎಂದೆ. ಬೇರೆಯವನನ್ನು ಹುಡುಕಲು ಆ ಮಧ್ಯಾಹ್ನವೇ ಹೊರಟೆ.